ಕೂಗುವುದು ಅವರ ಕೆಲಸ

ಕೂಗುವಾಗ ಅವರ ಕುತ್ತಿಗೆಯ ಬಲಬದಿಯ ನರವೊಂದು ಕಿರುಬೆರಳಿನಷ್ಟು ದಪ್ಪಗೆ ಉಬ್ಬಿ ನಿಲ್ಲುತ್ತಿತ್ತು. ಕೂಗು ನಿಂತ ಮೇಲೂ ಅದು ತಕ್ಷಣ ಇಳಿಯುತ್ತಿರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತು ಆ ನರ ಇಳಿಯುವುದನ್ನು ನೋಡುವುದು ನನಗೆ ಬೆಳಗಿನ ಅಭ್ಯಾಸವಾಗಿಹೋಗಿತ್ತು. ಅವರು "ಎನ್ನಾರ್ಪುರ, ಎನ್ನಾರ್ಪುರ, ಪುರಾ" ಎಂದು ಶುರು ಮಾಡಿದರೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದರು. ಶೃಂಗೇರಿಗೆ ಹೋಗಬೇಕಾದವರೂ ಗಾಬರಿಯಿಂದ ಒಮ್ಮೆ ಎದ್ದು ನಿಂತು, ತಮ್ಮದಲ್ಲ ಎಂದು ತಿಳಿದು ಮತ್ತೆ ಕೂರುತ್ತಿದ್ದರು. ಅಂಥ ಗಂಟಲು.

ಅವರು ಖಾಸಗಿ ಬಸ್ಸುಗಳ ಏಜೆಂಟರು. ಊರಿನವರಿಗೆಲ್ಲ ಅವರು ಬರೀ ಏಜೆಂಟರು, ನನಗೂ ಅಷ್ಟೇ. ಬಸ್ಸು ಬಂದಾಗ ಜನರನ್ನು ಹತ್ತಿಸುವುದು, ದಿನಾ ಓಡಾಡುವ ನಮ್ಮಂಥವರಿಗೆ ಸೀಟಿನ ಮೇಲೆ ಟವೆಲ್ ಹಾಕಿಡುವುದು, ಔಷಧಿ ಪೊಟ್ಟಣದಿಂದ ಹಿಡಿದು ಮದುವೆ ಮನೆಯ ಹೂವಿನವರೆಗೆ ಏನೇ ಬಂದರೂ ಕಂಡಕ್ಟರನ ಕೈಗೊಪ್ಪಿಸಿ ಎಲ್ಲಿ ಇಳಿಸಬೇಕು, ಯಾರು ಬಂದು ಒಯ್ಯುತ್ತಾರೆ ಎಂದು ಹೇಳುವುದು, ಹೊತ್ತಾಯಿತು ಅನಿಸಿದರೆ ಬಸ್ಸಿನ ಮೈಗೆ ಪಟಪಟ ಬಡಿದು ಹೊರಡಿಸುವುದು. ನಾನು ಎನ್.ಆರ್.ಪುರದ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವಳು. ಕೊಪ್ಪದಿಂದ ದಿನಾ ಓಡಾಟ. ಬೆಳಿಗ್ಗೆ ಬೆಳಿಗ್ಗೆ ಯಾರೂ ನನ್ನ ಹತ್ತಿರ ಮಾತಾಡಬಾರದು ಎನ್ನುವ ಜಾತಿಗೆ ಸೇರಿದವಳು. ಅದಕ್ಕೆಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದೆ. ಅವರು ನನ್ನನ್ನು ಮಾತಿಗೆಳೆದದ್ದು ಅದೇ ಇಯರ್‌ಫೋನಿನಿಂದ.

ಒಂದು ದಿನ ಕಿಟಕಿಗೆ ಬಡಿದು, ಏನು ಕೇಳುತ್ತಿದ್ದೀರಿ ಮೇಡಂ ಎಂದು ವಿಚಾರಿಸಿದರು. ಬೇರೆ ಯಾರಾದರೂ ಆಗಿದ್ದರೆ ಮುಖ ತಿರುಗಿಸುತ್ತಿದ್ದೆ. ಸೀಟು ಹಿಡಿದಿಡುವವರ ಹತ್ತಿರ ಹಾಗೆ ಮಾಡಲಾಗುವುದಿಲ್ಲ. ಫೋನು ತೋರಿಸಿದೆ. ಅದನ್ನು ನೋಡಿ ಅವರ ಮುಖ ಅರಳಿದ ಪರಿಗೆ ನಾನೇ ಬೆಪ್ಪಾದೆ. ಅವರ ಜೇಬಿನ ಫೋನಿನಲ್ಲೂ ಅದೇ ಹಾಡು ಇತ್ತು.

ನಮ್ಮ ಕಡೆಯದೇ ಒಂದು ಸಣ್ಣ ಬ್ಯಾಂಡ್ ಅದು. ಮೂರೇ ಜನ. ಬೇಗಾರಿನ ಹುಡುಗಿ ಹಾಡುತ್ತಾಳೆ, ಜಯಪುರದ ಹುಡುಗನದು ಗಿಟಾರ್, ಕಡಹಿನಬೈಲಿನವನದು ಕೊಳಲು. ಡ್ರಮ್ಸ್ ಇಲ್ಲ, ಕುಣಿತ ಇಲ್ಲ. ಹಾಡುಗಳೂ ಅಂಥವೇ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದಿರುವುದರ ಮೇಲೆ ಒಂದು, ಸೇತುವೆಯ ಮೇಲೆ ನಿಂತು ಯಾರಿಗೋ ಕಾಯುವುದರ ಮೇಲೆ ಒಂದು, ಹಾಸ್ಟೆಲಿನಲ್ಲಿ ಮನೆಯ ಉಪ್ಪಿನಕಾಯಿ ಮುಗಿದುಹೋದದ್ದರ ಮೇಲೆ ಒಂದು. ಪಕ್ಕದಲ್ಲಿ ಮಗು ಮಲಗಿದೆ ಎನ್ನುವ ಹಾಗೆ ಆ ಹುಡುಗಿ ಹಾಡುತ್ತಾಳೆ. ಹಾಡು ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಾರೆ, ಕೇಳುವವರು ಕೇಳುತ್ತಾರೆ. ಬ್ಯಾಂಡಿಗೆ ಒಂದು ಇಂಗ್ಲಿಷ್ ಹೆಸರಿದೆ; ಏಜೆಂಟರಿಗೆ ಅದು ಬಾಯಿಗೆ ಬರುತ್ತಿರಲಿಲ್ಲ, 'ನಮ್ಮ ಸಣ್ಣ ದನಿಯವರು' ಎನ್ನುತ್ತಿದ್ದರು.

ಅವರಿಗೆ ಆ ಹಾಡುಗಳು ಸಿಕ್ಕಿದ್ದು ಪಾರ್ಸೆಲ್ಲಿನಿಂದ. ಜಯಪುರದ ಹುಡುಗ ರಿಪೇರಿಗೆಂದು ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಕಳಿಸಿದ್ದ ಗಿಟಾರು ವಾಪಸು ಬಂದ ದಿನ ಮಳೆ ಹಿಡಿದು, ಒಯ್ಯಲು ಯಾರೂ ಬರಲಿಲ್ಲವಂತೆ. ಏಜೆಂಟರು ತಮ್ಮ ರೈನ್‌ಕೋಟನ್ನೇ ಅದಕ್ಕೆ ಸುತ್ತಿ, ತಾವು ನೆನೆದುಕೊಂಡು ಮನೆಗೆ ಹೋದರಂತೆ. ಮರುದಿನ ಬಂದ ಹುಡುಗ ಏನು ಕೊಡುವುದೆಂದು ತೋಚದೆ ತನ್ನ ಫೋನಿನಲ್ಲಿ ಒಂದು ಹಾಡು ಹಾಕಿ ಅವರ ಕೈಗಿಟ್ಟ. ನಿಂತಿದ್ದ ಬಸ್ಸಿನ ಹಿಂಬದಿಗೆ ಹೋಗಿ, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ಕೇಳಿದೆ ಎಂದು ಏಜೆಂಟರು ಹೇಳುತ್ತಿದ್ದರು. ಮುಗಿದ ಮೇಲೆ ಇಷ್ಟೇಯಾ ಎಂದು ಕೇಳಿ, ಇನ್ನೊಮ್ಮೆ ಹಾಕಿಸಿಕೊಂಡರಂತೆ. ಆ ಹೊತ್ತಿಗೆ ಶೃಂಗೇರಿ ಬಸ್ಸು ಕೂಗಿಲ್ಲದೆ ಹೊರಟುಹೋಯಿತು. ಅವರ ಸರ್ವಿಸಿನಲ್ಲೇ ಹಾಗಾದದ್ದು ಅದೊಂದು ಸಲ ಎಂದು ಕಂಡಕ್ಟರುಗಳು ಈಗಲೂ ಹೇಳುತ್ತಾರೆ.

ಈ ಬ್ಯಾಂಡಿನ ಕೇಳುಗರದ್ದೊಂದು ಗ್ರೂಪ್ ಫೋನಿನಲ್ಲಿತ್ತು. ಏಜೆಂಟರು ನನ್ನನ್ನೂ ಸೇರಿಸಿದರು. ಅಲ್ಲಿ ಹೊಸ ಹಾಡು ಬಂದ ದಿನ ಜಾತ್ರೆ. ಶೃಂಗೇರಿಯ ಮೆಡಿಕಲ್ ಶಾಪಿನವರೊಬ್ಬರು ಇದು ನಿದ್ದೆ ಮಾತ್ರೆಗಿಂತ ವಾಸಿ ಎಂದು ಪ್ರತಿ ಸಲ ಬರೆಯುತ್ತಿದ್ದರು. ಹೊಗಳಿಕೆಯೋ ತೆಗಳಿಕೆಯೋ ನನಗೆ ಕೊನೆಗೂ ಗೊತ್ತಾಗಲಿಲ್ಲ. ಎನ್.ಆರ್.ಪುರದ ನರ್ಸ್ ಒಬ್ಬಳು, ವಾರ್ಡಿನಲ್ಲಿ ಯಾರಿಗೂ ಎಚ್ಚರವಾಗದ ಹಾಗೆ ಹಾಕಿಕೊಳ್ಳಬಹುದಾದ ಹಾಡು ಇವರದ್ದೊಂದೇ ಎನ್ನುತ್ತಿದ್ದಳು. ಮಾತು ಚೆನ್ನ, ಧಾಟಿ ಎಲ್ಲ ಒಂದೇ ಥರ ಎನ್ನುವವರಿದ್ದರು. ಧಾಟಿ ಚೆನ್ನ, ಮಾತೇ ತಿಳಿಯುವುದಿಲ್ಲ ಎನ್ನುವವರೂ ಇದ್ದರು. ಈ ಹಾಡಿನಲ್ಲಿ ಏನೂ ಆಗುವುದೇ ಇಲ್ಲವಲ್ಲ ಎಂದು ಒಬ್ಬ ಬರೆದಾಗ ಏಜೆಂಟರ ಉತ್ತರ ಬಂತು. ಅವರಿಗೆ ಅಕ್ಷರ ಒತ್ತುವ ತಾಳ್ಮೆ ಇರಲಿಲ್ಲ, ಎಲ್ಲ ವಾಯ್ಸ್ ಮೆಸೇಜು. ಹಿಂದೆ ಹಾರ್ನು, ಮುಂದೆ ಅವರ ಗಂಟಲು. ಪಕ್ಕದಲ್ಲಿ ಜನ ಇದ್ದರೆ ಅದನ್ನು ತೆರೆಯುವ ಹಾಗೇ ಇರಲಿಲ್ಲ.

"ಏನೂ ಆಗದೇ ಇರೋ ಜಾಗ ಈ ಕೊಪ್ಪದಲ್ಲಿ ಎಲ್ಲಿದೆ ತೋರ್ಸು ಮಾರಾಯ, ನಾನು ಹೋಗಿ ಕೂತ್ಕೊಳ್ತೇನೆ. ಅಂಥ ಜಾಗ ಈ ಹಾಡಲ್ಲಿ ಮಾತ್ರ ಇರೋದು."

ಸುಮ್ಮನೆ ಚೆನ್ನಾಗಿದೆ ಎಂದು ಬರೆದರೆ ಅವರಿಗೆ ಆಗುತ್ತಿರಲಿಲ್ಲ. ಎಲ್ಲಿ ಚೆನ್ನಾಗಿದೆ ಎಂದು ಕೇಳುತ್ತಿದ್ದರು. ನಾನು ಒಮ್ಮೆ ಹೆಬ್ಬೆರಳಿನ ಚಿತ್ರ ಹಾಕಿ ಬಿಟ್ಟದ್ದಕ್ಕೆ ಮರುದಿನ ಕಿಟಕಿಯ ಕೆಳಗೆ ನಿಂತು, ಮಕ್ಕಳ ಪೇಪರಿಗೂ ಹೀಗೇ ಮಾರ್ಕ್ಸ್ ಕೊಡ್ತೀರಾ ಮೇಡಂ ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದರು. ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳೇ ಅರ್ಧ ಜನ. ಅವತ್ತು ಸಿಟ್ಟು ಬಂದದ್ದು ನಿಜ.

ಹೀಗೆ ಎರಡು ವರ್ಷ ಕಳೆದಿರಬೇಕು. ಒಂದು ಹೊಸ ಹಾಡು ಬಂತು. ಕೊಳಲಿನ ಹುಡುಗ ಪರೀಕ್ಷೆಯೆಂದು ಆ ಸಲ ಸೇರಿರಲಿಲ್ಲ, ಬರೀ ಗಿಟಾರು ಮತ್ತು ದನಿ. ಸಂಜೆ ಏಜೆಂಟರ ವಾಯ್ಸ್ ಮೆಸೇಜು ಬಂತು. ಹಾಡಿನ ಕೊನೆಗೆ ಕೊಳಲು ಬಂದು ಎಲ್ಲ ಎತ್ತಿಕೊಂಡು ಹೋಯಿತು, ಆ ಮಾಣಿಗೆ ಒಳ್ಳೆಯದಾಗಲಿ ಎಂದಿದ್ದರು. ಗ್ರೂಪಿನಲ್ಲಿ ಎಲ್ಲರೂ ನಕ್ಕರು. ಬಾರದ ಹುಡುಗನಿಗೆ ಏಜೆಂಟರು ಚುಚ್ಚಿದ್ದಾರೆ ಎಂದುಕೊಂಡರು. ನನಗೆ ನಗು ಬರಲಿಲ್ಲ. ಹಾಡಿನ ವಿಷಯದಲ್ಲಿ ಅವರು ಕುಚೋದ್ಯ ಮಾಡುವವರಲ್ಲ.

ಅವರ ಕಿವಿ ಸ್ವಲ್ಪ ಮಂದ ಎಂಬುದು ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಿತ್ತು. ಇಡೀ ಆಯುಷ್ಯ ಹಾರ್ನುಗಳ ಬಾಯಿಗೆ ಕಿವಿ ಕೊಟ್ಟು ನಿಂತವರಿಗೆ ಮತ್ತೇನಾಗುತ್ತದೆ? ಆದರೆ ಎಷ್ಟು ಮಂದ ಎಂದು ಯಾರೂ ಯೋಚಿಸಿರಲಿಲ್ಲ. ಅವರ ಕೆಲಸ ಕೂಗುವುದು, ಕೇಳುವುದಲ್ಲ. ಯಾವ ಬಸ್ಸು ಎಂದು ಬೋರ್ಡು ನೋಡಿದರೆ ತಿಳಿಯುತ್ತದೆ, ಯಾವ ಊರಿಗೆ ಹೋಗುವವರು ಎಂದು ಮುಖ ನೋಡಿದರೆ ಸಾಕು. ಮರುದಿನ ಅವರು ಟವೆಲ್ ತೆಗೆದು ನನಗೆ ಸೀಟು ಕೊಟ್ಟಾಗ ಫೋನಿನಲ್ಲಿ ಬರೆದು ತೋರಿಸಿದೆ: ಆ ಹಾಡಿನಲ್ಲಿ ಕೊಳಲು ಇಲ್ಲ.

ಓದಿದರು. ಆ ನರ ಕೂಗದೆಯೇ ಒಮ್ಮೆ ಉಬ್ಬಿತು. ಸುತ್ತ ನೋಡಿ, ತಮ್ಮ ಮಟ್ಟಿಗೆ ಪಿಸುಮಾತು ಅಂದುಕೊಂಡದ್ದರಲ್ಲಿ, ಯಾರಿಗೂ ಹೇಳಬೇಡಿ ಎಂದರು. ಮುಂದಿನ ಸೀಟಿನವರಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಚೂರುಚೂರಾಗಿ ಗೊತ್ತಾಯಿತು. ಮೊದಲು ಹೋದದ್ದು ಸಣ್ಣ ದನಿಗಳೇ. ಹಾರ್ನು ಕೇಳುತ್ತದೆ, ಜಗಳ ಕೇಳುತ್ತದೆ, ಬೇಡದ್ದೆಲ್ಲ ಕೇಳುತ್ತದೆ. ಶಿವಮೊಗ್ಗಕ್ಕೆ ಹೋಗಿ ಕಿವಿಗೆ ಮಷೀನು ಹಾಕಿಸಿಕೊಂಡು ಬಂದಿದ್ದರು. ಅದು ಹಾರ್ನನ್ನೇ ಹತ್ತು ಪಟ್ಟು ಮಾಡಿ ತಲೆಗೆ ಬಡಿಯತೊಡಗಿದ್ದರಿಂದ ಷರ್ಟಿನ ಜೇಬಿಗೆ ಸೇರಿತ್ತು. ಕಿವಿ ಇಷ್ಟು ಹೋಗಿದೆ ಎಂದು ತಿಳಿದರೆ ಬಸ್ಸಿನ ಮಾಲೀಕರು ಬೇರೆ ಏಜೆಂಟನನ್ನು ನೋಡಿಕೊಳ್ಳುತ್ತಾರೆ ಎಂಬ ಹೆದರಿಕೆ ಬೇರೆ. ಮನೆಯಲ್ಲಿ ಹೇಳಿಲ್ಲವಾ ಎಂದು ಬರೆದು ಕೇಳಿದೆ. ಮಂದ ಎಂದು ಹೆಂಡತಿಗೆ ಗೊತ್ತು, ಇಷ್ಟು ಎಂದು ಗೊತ್ತಿಲ್ಲ ಎಂದರು. ಸಂಜೆ ಸ್ನಾನ ಮಾಡಿ, ಇಯರ್‌ಫೋನ್ ಹಾಕಿಕೊಂಡು ಜಗಲಿಯಲ್ಲಿ ಕೂರುವ ರೂಢಿಯನ್ನು ಅವರು ಬಿಟ್ಟಿರಲಿಲ್ಲ. ಬಿಟ್ಟರೆ ಅವಳು ಹೆದರುತ್ತಾಳೆ ಎಂಬುದು ಅವರ ಲೆಕ್ಕಾಚಾರ. ಹಳೆಯ ಹಾಡುಗಳು ಹೇಗೂ ತಲೆಯೊಳಗಿವೆ, ಇಯರ್‌ಫೋನ್ ಸಿಕ್ಕಿಸಿದರೆ ತಾವಾಗಿ ಶುರುವಾಗುತ್ತವೆ, ಹೊಸದಕ್ಕೇ ಏನು ಮಾಡುವುದೆಂದು ತಿಳಿಯದು ಎಂದರು. ಇದನ್ನು ಹೇಳುವಾಗ ಅವರ ಕಣ್ಣು ನನ್ನ ಮೇಲೆ ಇರಲಿಲ್ಲ, ಬಸ್ಸಿನ ಟೈರಿನ ಮೇಲಿತ್ತು. ನಂತರ ತಲೆಯೆತ್ತಿ ಒಂದು ಮಾತು ಕೇಳಿದರು.

"ಇನ್ನು ಮುಂದೆ ಹೊಸ ಹಾಡು ಬಂದ್ರೆ ನೀವು ಕೇಳಿ ನಂಗೆ ಹೇಳ್ತೀರಾ ಮೇಡಂ? ಚೆನ್ನಾಗಿದೆ ಅಂತ ಅಲ್ಲ. ಹೇಗಿದೆ ಅಂತ."

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಅದು ಎಂಥ ಕಷ್ಟದ ಕೆಲಸ ಎಂದು. ಇಷ್ಟು ವರ್ಷ ನಾನು ಹಾಡು ಹಾಕಿಕೊಂಡದ್ದು ಪಕ್ಕದವರ ಮಾತು ತಪ್ಪಿಸಿಕೊಳ್ಳಲಿಕ್ಕೆ. ಈಗ ಅದೇ ಹಾಡನ್ನು ಹಿಂದೆ ಮುಂದೆ ಮಾಡಿ ಕೇಳಬೇಕಾಯಿತು. ಮೊದಲ ಸಲ, ಮಧುರವಾಗಿದೆ, ಭಾವಪೂರ್ಣವಾಗಿದೆ ಎಂದೆಲ್ಲ ಬರೆದು ಕಿಟಕಿಯಿಂದ ಫೋನು ಕೊಟ್ಟೆ. ಓದಿ, ಮದುವೆ ಕಾಗದ ಓದಿದ ಹಾಗಾಯಿತು ಎಂದು ವಾಪಸು ಕೊಟ್ಟರು. ಎರಡನೆಯ ಸಲ ಬರೆದದ್ದು ನನಗೆ ಈಗಲೂ ನೆನಪಿದೆ. ಮೊದಲ ಸಾಲು ಮುಗಿದ ಮೇಲೆ ಅವಳು ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ, ಅದೇ ಸಾಲು ಮತ್ತೆ ಬಂದಾಗ 'ನಾಳೆ' ಎನ್ನುವ ಮಾತನ್ನು ಹೇಳಲೋ ಬೇಡವೋ ಎನ್ನುವ ಹಾಗೆ ಸ್ವಲ್ಪ ತಡ ಮಾಡಿ ಹೇಳುತ್ತಾಳೆ, ಅಷ್ಟರಲ್ಲಿ ಗಿಟಾರು ಕಾಯುತ್ತಿರುತ್ತದೆ ಎಂದು. ಏಜೆಂಟರು ಅದನ್ನು ಓದಿ ಕಣ್ಣು ಮುಚ್ಚಿ ನಿಂತರು. ಎನ್.ಆರ್.ಪುರದ ಬಸ್ಸು ಅವತ್ತು ಎರಡು ನಿಮಿಷ ತಡವಾಗಿ ಹೊರಟಿತು, ಡ್ರೈವರು ಬೈದುಕೊಂಡ.

ಸಂಜೆ ಗ್ರೂಪಿನಲ್ಲಿ ಅವರ ವಾಯ್ಸ್ ಮೆಸೇಜು ಬಂತು. ನಾನು ಬರೆದದ್ದೇ, ಆದರೆ ಅವರ ಬಾಯಲ್ಲಿ ಅದಕ್ಕೆ ಜೀವ ಬಂದಿತ್ತು. ಏಜೆಂಟರ ಕಿವಿ ಎಷ್ಟು ಸೂಕ್ಷ್ಮ ನೋಡಿ, ನಮಗೆ ಆ ಉಸಿರು ಕೇಳಿಸಿರಲೇ ಇಲ್ಲ ಎಂದು ಮೆಡಿಕಲ್ ಶಾಪಿನವರು ಬರೆದರು. ಅದನ್ನು ಓದಿ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಅತ್ತೆ. ಒಂದು ಹಾಡನ್ನು ಹೇಗೆ ಕೇಳಬೇಕೆಂದು ನನಗೆ ಕಲಿಸಿದವರು ಅವರೇ, ತಮ್ಮ ಕಿವಿ ಹೋದ ಮೇಲೆ.

ಶೃಂಗೇರಿಯ ಒಂದು ಹಾಲಿನಲ್ಲಿ ಬ್ಯಾಂಡಿನ ಮೊದಲ ಕಾರ್ಯಕ್ರಮವಾದದ್ದು ಆಮೇಲೆ, ಒಂದು ಭಾನುವಾರ ಮಧ್ಯಾಹ್ನ. ಗ್ರೂಪಿನವರೆಲ್ಲ ಮೊದಲ ಬಾರಿಗೆ ಮುಖ ನೋಡಿಕೊಂಡೆವು. ಏಜೆಂಟರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಬಂದಿದ್ದರು. ಹೆಂಡತಿಯನ್ನು ಕರೆತರಲಿಲ್ಲವಾ ಎಂದು ನಾನು ಬರೆದು ತೋರಿಸಿದ್ದಕ್ಕೆ, ಅವಳಿಗೆ ಇದೆಲ್ಲ ಆಗುವುದಿಲ್ಲ ಎಂದು ಕೈಯಾಡಿಸಿದರು. ಬೇಗಾರಿನ ಹುಡುಗಿ ತಾನೇ ಇಳಿದು ಬಂದು ಅವರನ್ನು ಎದುರಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ಅವಳಿಗೆ ಗೊತ್ತಿತ್ತು. ಕೆಲವು ವಾರಗಳ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಅವರ ಬೆನ್ನ ಹಿಂದೆಯೇ ನಿಂತು ಎಷ್ಟು ಕರೆದರೂ ಅವರು ತಿರುಗಿರಲಿಲ್ಲವಂತೆ. ಅವಳು ಯಾರಿಗೂ ಹೇಳದೆ ತಾನೇ ಒಂದು ಉಪಾಯ ಮಾಡಿದ್ದಳು.

ಸೇತುವೆಯ ಹಾಡು ಶುರುವಾದಾಗ ಅದು ಏನೆಂದು ತಿಳಿಯಿತು. ಶಿವಮೊಗ್ಗದಿಂದ ಡ್ರಮ್ಸ್ ಬಾರಿಸುವವನೊಬ್ಬನನ್ನು ಕರೆಸಿದ್ದಳು. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಸ್ಪೀಕರು. ಅಷ್ಟು ವರ್ಷ, ಮಲಗಿದ ಮಗುವನ್ನು ಎಬ್ಬಿಸದ ಹಾಗೆ ಹಾಡಿದ ಹುಡುಗಿ ಗಂಟಲು ಹರಿಯುವ ಹಾಗೆ ಹಾಡಿದಳು. ಕಿಟಕಿಯ ಗಾಜು ಅದುರುತ್ತಿತ್ತು. ನರ್ಸ್ ಹುಡುಗಿ ಕಿವಿ ಮುಚ್ಚಿಕೊಂಡಳು. ನನ್ನ ಹಿಂದೆ ಯಾರೋ, ಮದುವೆ ಆರ್ಕೆಸ್ಟ್ರಾ ಆಗಿಹೋಯಿತಲ್ಲ ಇದು ಎಂದರು. ಹಾಡು ಮುಗಿದಾಗ ಚಪ್ಪಾಳೆ ಅರ್ಧಂಬರ್ಧ ಬಿತ್ತು. ಹುಡುಗಿ ಬೇರೆ ಯಾರನ್ನೂ ನೋಡಲಿಲ್ಲ, ಏಜೆಂಟರನ್ನೇ ನೋಡುತ್ತ ನಿಂತಿದ್ದಳು.

ಅವರು ಎದ್ದು ವೇದಿಕೆಯ ಹತ್ತಿರ ಹೋದರು. ಅವಳಿಗೆ ಮಾತ್ರ ಕೇಳಲಿ ಎಂದು ಹೇಳಿದ ಮಾತು. ತಮ್ಮ ದನಿ ಎಷ್ಟಿದೆ ಎಂದು ತಮಗೇ ತಿಳಿಯದ್ದರಿಂದ ಇಡೀ ಹಾಲಿಗೆ ಕೇಳಿತು.

"ಕೇಳ್ತು ಕೂಸೇ, ಎಲ್ಲ ಕೇಳ್ತು. ಆದ್ರೆ ನಂಗೆ ಕೇಳ್ಲಿ ಅಂತ ನೀನು ಕೂಗ್ಬಾರ್ದು. ಕೂಗೋದು ನನ್ನ ಕೆಲಸ."

ಗ್ರೂಪಿನವರಿಗೆಲ್ಲ ಅರ್ಥವಾದದ್ದು ಆಗಲೇ. ಮೆಡಿಕಲ್ ಶಾಪಿನವರು ತಲೆ ತಗ್ಗಿಸಿ ಕೂತರು. ಹುಡುಗಿ ಕಣ್ಣೊರೆಸಿಕೊಂಡು, ಡ್ರಮ್ಸಿನವನಿಗೆ ಬೇಡವೆಂದು ಕೈಸನ್ನೆ ಮಾಡಿ, ಅದೇ ಹಾಡನ್ನು ಬರೀ ಗಿಟಾರಿನ ಜೊತೆ ಮತ್ತೆ ಹಾಡಿದಳು, ಮೊದಲು ಹಾಡುತ್ತಿದ್ದ ಹಾಗೆ. ಏಜೆಂಟರು ತೊಡೆಯ ಮೇಲೆ ಕೈಯಿಟ್ಟು, ಅವಳ ತುಟಿಯನ್ನೇ ನೋಡುತ್ತ ಕೂತಿದ್ದರು. ಆ ಹಾಡಿನಲ್ಲಿ ಕೊನೆಯ ಸಾಲಿಗೆ ಮೊದಲು ಒಂದು ದೀರ್ಘ ಬಿಡುವಿದೆ. ತುಟಿ ಮುಚ್ಚಿತು, ಹಾಡು ಮುಗಿಯಿತು ಅಂದುಕೊಂಡು ಅವರು ಜೋರಾಗಿ ಚಪ್ಪಾಳೆ ತಟ್ಟಿದರು. ಒಂದು ಕ್ಷಣ ಅವರದ್ದೊಂದೇ ಚಪ್ಪಾಳೆ. ಆಮೇಲೆ ನರ್ಸ್ ಹುಡುಗಿ ತಟ್ಟಿದಳು, ಮೆಡಿಕಲ್ ಶಾಪಿನವರು ತಟ್ಟಿದರು, ನಾವೆಲ್ಲರೂ ಎದ್ದು ನಿಂತು ತಟ್ಟಿದೆವು. ಹುಡುಗಿ ಕೈಮುಗಿದಳು. ಕೊನೆಯ ಸಾಲನ್ನು ಅವಳು ಹಾಡಲಿಲ್ಲ.

ಆ ದಿನದ ನಂತರ ಗ್ರೂಪಿನಲ್ಲಿ ಅವರ ಕಿವಿಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಹೊಸ ಹಾಡು ಬಂದರೆ ಎಲ್ಲರೂ ಉದ್ದುದ್ದ ಬರೆಯತೊಡಗಿದರು, ಎಲ್ಲಿ ಹೇಗಿದೆ ಎಂದು ಬಿಡಿಸಿ ಬಿಡಿಸಿ. ನಿದ್ದೆ ಮಾತ್ರೆಯ ಮಾತು ನಿಂತೇಹೋಯಿತು. ಏಜೆಂಟರು ಮಾತ್ರ ಎಂದಿನಂತೆ ಬೆಳಿಗ್ಗೆ ನನ್ನ ಕಿಟಕಿಯ ಕೆಳಗೆ ನಿಂತು ಕೈ ಚಾಚುತ್ತಿದ್ದರು.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ, ಮೊದಲ ಬಸ್ಸಿಗೆ ಹೊರಡಲೆಂದು ಚಪ್ಪಲಿ ಮೆಟ್ಟುವಾಗ ಅವರು ಮನೆಯ ಮೆಟ್ಟಿಲ ಮೇಲೆ ಕುಸಿದರು. ಎದೆನೋವು. ಆಸ್ಪತ್ರೆ ಮುಟ್ಟಲಿಲ್ಲ. ಅಂದು ಕೊಪ್ಪದಿಂದ ಹೊರಟ ಯಾವ ಬಸ್ಸೂ ಹಾರ್ನು ಹಾಕಲಿಲ್ಲ. ಡ್ರೈವರುಗಳು ತಾವಾಗಿ ಹಾಗೆ ಮಾಡಿದರು. ನನ್ನ ಸೀಟಿನ ಮೇಲೆ ಟವೆಲ್ ಇರಲಿಲ್ಲ. ಎನ್.ಆರ್.ಪುರದವರೆಗೆ ನಿಂತುಕೊಂಡೇ ಹೋದೆ, ಯಾರೋ ಎದ್ದು ಜಾಗ ಕೊಟ್ಟರೂ ಕೂರಲು ಮನಸ್ಸಾಗಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದೆ. ಮಾರ್ಕೆಟ್ಟಿನ ಹಿಂದೆ ಸಾಲುಮನೆಗಳಲ್ಲಿ ಕೊನೆಯದು. ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದರು. ಅವರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ದನಿ ಎಷ್ಟು ಸಣ್ಣದೆಂದರೆ, ಹೊರಗೆ ಪಾತ್ರೆ ತೊಳೆಯುವ ಸದ್ದಿನಲ್ಲಿ ನಾನು ಬಗ್ಗಿ ಅವರ ಬಾಯಿಯ ಹತ್ತಿರ ಕಿವಿ ಕೊಡಬೇಕಾಯಿತು. ನೀವೂ ಆ ಹಾಡು ಕೇಳುವವರಂತೆ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಇವರು ಕೊನೆಯ ವರ್ಷಗಳಲ್ಲಿ ತನ್ನ ಹತ್ತಿರ ಮಾತೇ ಕಡಿಮೆ ಮಾಡಿದ್ದರು, ತಾನು ಏನು ಹೇಳಿದರೂ ಹ್ಞೂಂ ಎಂದುಬಿಡುತ್ತಿದ್ದರು ಎಂದು ತಡೆದು ತಡೆದು ಹೇಳಿದರು.

"ಸಂಜೆ ಅದನ್ನು ಕಿವಿಗೆ ಹಾಕ್ಕೊಂಡು ಕೂತ್ರೆ ಮುಖ ಅರಳ್ತಿತ್ತು. ಆ ಹುಡುಗಿ ಎಲ್ಲಿ ಉಸಿರು ತೆಗೀತಾಳೆ ಅಂತ ಕೂಡ ನಂಗೆ ಹೇಳ್ತಿದ್ರು. ನಾನು ಪಕ್ಕದಲ್ಲಿ ನಿಂತು ಊಟಕ್ಕೆ ಏಳಿ ಅಂದ್ರೆ ಕೇಳ್ತಿರ್ಲಿಲ್ಲ. ಅಷ್ಟು ಸಣ್ಣ ಹಾಡು ಕೇಳೋ ಕಿವಿಗೆ ನನ್ನ ಮಾತು ಯಾಕೆ ಕೇಳ್ಲಿಲ್ಲ ಮೇಡಂ? ನಾನು ಎಂತ ಮಾಡಿದ್ದೆ?"

ಯಾರಿಗೂ ಹೇಳಬೇಡಿ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೆಂಡತಿ ಹೆದರಬಾರದೆಂದು ಆ ಮನುಷ್ಯ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ, ಆಕೆ ಗೋಡೆಯ ಈಚೆ ನಿಂತು ತನ್ನ ತಪ್ಪು ಹುಡುಕುತ್ತಿದ್ದರು. ನಾನು ಎಲ್ಲ ಹೇಳಿಬಿಟ್ಟೆ. ಅವರಿಗೆ ಆ ಹಾಡುಗಳು ಕೇಳುತ್ತಿರಲಿಲ್ಲ, ಬಹಳ ದಿನಗಳಿಂದ ಕೇಳುತ್ತಿರಲಿಲ್ಲ, ಆ ಉಸಿರನ್ನು ಕೇಳಿದವಳು ನಾನು, ಬೆಳಿಗ್ಗೆ ನಾನು ಬರೆದು ತೋರಿಸಿದ್ದನ್ನು ಅವರು ಸಂಜೆ ನಿಮಗೆ ಹೇಳುತ್ತಿದ್ದರು ಎಂದೆ. ನಿಮಗೆ ಗೊತ್ತಾಗಿ ನೀವು ಹೆದರಬಾರದು ಎಂದು ಹಾಗೆ ಮಾಡಿದರು ಎಂದೂ ಹೇಳಿದೆ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಹಾಗಾದ್ರೆ ಅವರಿಗೆ ಕೇಳದೆ ಹೋದದ್ದು ನನ್ನೊಬ್ಬಳ ದನಿ ಅಲ್ಲ" ಎಂದರು.

ಆಮೇಲೆ ಅತ್ತರು. ಗಂಡ ಹೋದ ದಿನದಿಂದ ಕಣ್ಣಲ್ಲಿ ಒಂದು ಹನಿ ಹಾಕಿರಲಿಲ್ಲ ಎಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದ ಆ ಹೆಂಗಸು, ಗಟ್ಟಿಯಾಗಿ, ಬಾಯಿಬಿಟ್ಟು ಅತ್ತರು. ಅಂಗಳದಲ್ಲಿ ಬಾಳೆಲೆ ಎತ್ತುತ್ತಿದ್ದವರು ಕೈ ನಿಲ್ಲಿಸಿ ಒಳಗೆ ತಿರುಗಿ ನೋಡಿದರು.